ಶಾಸಕರಿಗೆ ಕೊಟ್ಟ ಮನವಿ ಎಲ್ಲಿಗೆ ಹೋಗುತ್ತೆ?

ಶಾಸಕರ ಕೈಗೆ ಮನವಿ ಕೊಟ್ಟು, ಫೋಟೊ ತೆಗೆಸಿಕೊಂಡು, ಅದನ್ನು ಸ್ಟೇಟಸ್‌ಗೆ ಹಾಕಿ, ಆರು ತಿಂಗಳು ಕಾದು ಆಮೇಲೆ ಬೈಯುವುದು ನಮ್ಮಲ್ಲಿ ಮಾಮೂಲು. ಬೈಯುವುದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಕಾಗದ ಎಲ್ಲಿ ನಿಂತಿದೆ ಅಂತ ಗೊತ್ತಿದ್ದರೆ ಸರಿಯಾದವರನ್ನೇ ಬೈಯಬಹುದು. ಶಾಸಕರೊಬ್ಬರ ಕಚೇರಿಯಲ್ಲಿ ಮೂರು ವರ್ಷ ಟಪಾಲು ನೋಡಿಕೊಂಡವನು ನಾನು. ಅವರ ಹೆಸರು, ಪಕ್ಷ ಇಲ್ಲಿ ಬೇಕಿಲ್ಲ.

ಸಚಿವರ ಬಳಿ ಆಪ್ತ ಕಾರ್ಯದರ್ಶಿ ಇರುತ್ತಾರೆ, ಹೆಚ್ಚಾಗಿ ಸರ್ಕಾರಿ ಅಧಿಕಾರಿ. ಅವರ ಕೈಕೆಳಗೆ ಆಪ್ತ ಸಹಾಯಕರು. ಶಾಸಕರಿಗೆ ಅಷ್ಟು ದೊಡ್ಡ ಪಡೆ ಇಲ್ಲ: ಒಬ್ಬ ಪಿಎ, ಜೊತೆಗೆ ನನ್ನಂಥ ಒಂದಿಬ್ಬರು. ಜನ ಶಾಸಕರಿಗೆ ಬರೆದದ್ದನ್ನು ಮೊದಲು ಓದುವವರು ನಾವೇ. ಎಷ್ಟೋ ಸಲ ಪೂರ್ತಿಯಾಗಿ ಓದುವವರೂ ನಾವೊಬ್ಬರೇ.

ಬೆಳಗಿನ ಕಟ್ಟು ಬಿಚ್ಚಿದರೆ ಮೇಲೆ ಕಾಣುವುದು ಲಗ್ನಪತ್ರಿಕೆಗಳು. ಮದುವೆ, ಗೃಹಪ್ರವೇಶ, ಜಾತ್ರೆ, ಕ್ರಿಕೆಟ್ ಟೂರ್ನಿ. ಇವು ತಕ್ಷಣ ಡೈರಿಗೆ ಹೋಗುತ್ತವೆ, ಯಾಕಂದ್ರೆ ಮದುವೆಗೆ ಬರಲಿಲ್ಲ ಅನ್ನೋ ಸಿಟ್ಟು ಮುಂದಿನ ಚುನಾವಣೆವರೆಗೂ ಉಳಿಯುತ್ತೆ. ಆಸ್ಪತ್ರೆ ಬಿಲ್ಲಿಗೆ ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ನೆರವು ಕೇಳಿದ ಅರ್ಜಿಯನ್ನು ಅದೇ ದಿನ ಕಳಿಸುತ್ತಿದ್ದೆವು, ಅದಕ್ಕೆ ಯಾರೂ ಹೇಳಬೇಕಿರಲಿಲ್ಲ.

ಸಮಯ ತಿನ್ನುವುದು ವರ್ಗಾವಣೆ. ಸೇವೆಯ ವಿಚಾರಕ್ಕೆ ರಾಜಕೀಯ ಪ್ರಭಾವ ತರಬಾರದು ಅಂತ ಸರ್ಕಾರಿ ನೌಕರರ ನಡತೆ ನಿಯಮ ಹೇಳುತ್ತೆ. ಆದರೂ ವರ್ಗಾವಣೆ ಕಾಲ ಬಂತೆಂದರೆ ಲೆಟರ್‌ಹೆಡ್‌ಗಾಗಿ ಬಾಗಿಲಲ್ಲಿ ಸಾಲು. ಇವರ ಹಿಂದೆ ಯಾವಾಗಲೂ ಫೋನ್ ಮಾಡುವವರೊಬ್ಬರು ಇರುತ್ತಾರೆ: ಮುಖಂಡರು, ಸಂಬಂಧಿಕರು. ವಿಧವಾ ವೇತನ ನಿಂತುಹೋದ ಅಜ್ಜಿಯ ಹಿಂದೆ ಯಾರೂ ಇರುವುದಿಲ್ಲ, ಹಾಗಾಗಿ ಅವರ ಕಾಗದ ಕಟ್ಟಿನ ತಳ ಸೇರುತ್ತೆ. ಇದಕ್ಕೆ ಲಂಚ, ಪಿತೂರಿ ಏನೂ ಬೇಕಿಲ್ಲ. ಯಾವ ಕಾಗದ ಮೇಲೆ, ಯಾವುದು ಕೆಳಗೆ ಅಂತ ಜೋಡಿಸುವ ಕೈಗಳಿಗೆ ಪುರುಸೊತ್ತಿಲ್ಲದಿದ್ದರೆ ಸಾಕು. ಈ ಜೋಡಣೆಯೂ ಅಧಿಕಾರವೇ, ಮತ್ತು ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಇನ್ನು ಷರಾ. ಮನವಿಯ ಅಂಚಿನಲ್ಲಿ ಸಹಿಯ ಜೊತೆ ಬರೆಯುವ ಆ ಒಂದು ಸಾಲು. 'ನಿಯಮಾನುಸಾರ ಪರಿಶೀಲಿಸಿ' ಅಂತಿದ್ದರೆ ಅಧಿಕಾರಿ ಅದನ್ನು ಇಲ್ಲಿಗೆ ಬಿಡಬಹುದು ಅಂತ ಓದಿಕೊಳ್ಳುತ್ತಾರೆ. 'ಕ್ರಮ ಕೈಗೊಂಡು ವರದಿ ನೀಡಿ' ಅಂತಿದ್ದರೆ ಉತ್ತರ ಬರೆಯಲೇಬೇಕು ಅನ್ನೋ ಒತ್ತಡ ಬೀಳುತ್ತೆ. ದಿನಾಂಕವನ್ನೂ ಹಾಕಿದ್ದರೆ ಇನ್ನೂ ಗಟ್ಟಿ. 'ಚರ್ಚಿಸಿ' ಅಂದರೆ ಬರಹದಲ್ಲಿ ಹೇಳಲಾಗದ್ದು ಏನೋ ಇದೆ ಅಂತ ಅರ್ಥ. ಕಾಗದ ಕೊಟ್ಟವರಿಗೆ ಮೂರೂ ಒಂದೇ ಥರ ಕಾಣುತ್ತೆ, ಸಾಹೇಬರು ಸೈನ್ ಹಾಕಿದರು ಅಂತ ಖುಷಿಯಾಗಿ ಹೋಗುತ್ತಾರೆ. ಷರಾದ ಮಾತು ಎಷ್ಟೋ ಸಲ ಪಿಎ ಬಾಯಿಂದಲೇ ಬಂದಿರುತ್ತೆ. ಶಾಸಕರು ಕಾರು ಹತ್ತುವಾಗ "ಇದಕ್ಕೆ ಏನು ಬರೀಲಿ?" ಅಂತ ಕೇಳುವುದು ಅವರನ್ನೇ.

ಸಂಸದರ ಪತ್ರಕ್ಕೆ ಇದಕ್ಕಿಂತ ಸ್ಪಷ್ಟ ಗಡುವಿದೆ. 15 ದಿನದೊಳಗೆ ಸ್ವೀಕೃತಿ, ನಂತರದ 15 ದಿನದೊಳಗೆ ಉತ್ತರ ಅಂತ ಕೇಂದ್ರ ಸರ್ಕಾರದ ಕಚೇರಿ ಕಾರ್ಯವಿಧಾನದಲ್ಲೇ ಇದೆ. ಹಾಗಾಗಿ ರೈಲ್ವೆ, ಅಂಚೆ, ಪಿಎಫ್‌ನಂಥ ವಿಷಯಕ್ಕೆ ಶಾಸಕರ ಬಾಗಿಲಲ್ಲಿ ಕೂತು ಪ್ರಯೋಜನವಿಲ್ಲ, ಸಂಸದರ ಕಚೇರಿಗೇ ಹೋಗಿ.

ವಾಟ್ಸಾಪ್ ಬಂದ ಮೇಲೆ ಎಲ್ಲ ಸುಲಭವಾಯ್ತು ಅಂತ ಗೆಳೆಯರು ಹೇಳುತ್ತಾರೆ. ನನಗೆ ಹಾಗನಿಸಿಲ್ಲ. ಒಡೆದ ಚರಂಡಿಯ ಫೋಟೊ ಸಂಜೆಯೊಳಗೆ ನೂರು ಗುಡ್ ಮಾರ್ನಿಂಗ್‌ಗಳ ಕೆಳಗೆ ಹೂತುಹೋಗಿರುತ್ತೆ. ಅದಕ್ಕೆ ನೋಂದಣಿ ಸಂಖ್ಯೆ ಇಲ್ಲ, ಆವಕ ಪುಸ್ತಕದಲ್ಲಿ ಸಾಲಿಲ್ಲ. ಕಳಿಸಿದ್ದೀರಿ ಅನ್ನೋಕೆ ನಿಮ್ಮ ಫೋನಿನಲ್ಲಿರುವ ನೀಲಿ ಟಿಕ್ ಬಿಟ್ಟರೆ ಸಾಕ್ಷಿಯಿಲ್ಲ.

ಅದಕ್ಕೇ ಕಾಗದದಲ್ಲೇ ಕೊಡಿ ಅನ್ನುತ್ತೇನೆ. ಒಂದು ಕಾಗದಕ್ಕೆ ಒಂದೇ ವಿಷಯ. ರಸ್ತೆ, ಪಿಂಚಣಿ, ಶಾಲೆ ಎಲ್ಲ ಒಂದರಲ್ಲೇ ಬರೆದರೆ ಯಾವ ಇಲಾಖೆಗೆ ಕಳಿಸಬೇಕು ಅಂತ ಗೊತ್ತಾಗದೆ ಅದು ಮೇಜಿನಲ್ಲೇ ಉಳಿಯುತ್ತೆ. ಗೌರವಾನ್ವಿತ, ಜನಪ್ರಿಯ ಅಂತ ಅರ್ಧ ಪುಟ ಹೊಗಳಬೇಡಿ, ನಾವು ಓದುವುದು 'ವಿಷಯ' ಅನ್ನೋ ಸಾಲಿನಿಂದ. ಊರು, ಹೋಬಳಿ, ಸರ್ವೆ ನಂಬರು, ಪಿಂಚಣಿ ಆದೇಶದ ಸಂಖ್ಯೆ, ಯಾವ ತಿಂಗಳಿಂದ ಹಣ ನಿಂತಿದೆ, ಇಷ್ಟಿದ್ದರೆ ಫೋನ್ ಎತ್ತಿ ತಹಶೀಲ್ದಾರ್ ಕಚೇರಿಗೆ ಕೇಳುವುದು ಐದು ನಿಮಿಷದ ಕೆಲಸ.

ಕೊಟ್ಟ ಮೇಲೆ ಜೆರಾಕ್ಸ್ ಮೇಲೆ ಸೀಲು ಹಾಕಿಸಿಕೊಳ್ಳಿ. ಎರಡು ವಾರ ಬಿಟ್ಟು, ಯಾವ ಅಧಿಕಾರಿಗೆ, ಯಾವ ಪತ್ರಸಂಖ್ಯೆಯಲ್ಲಿ ಕಳಿಸಿದ್ದೀರಿ ಅಂತ ಪಿಎಯನ್ನು ಕೇಳಿ. ಸ್ವಲ್ಪ ಮುಖ ಸಿಂಡರಿಸಬಹುದು, ಕೊಡುತ್ತಾರೆ. ಆ ಸಂಖ್ಯೆ ಕೈಗೆ ಬಂದರೆ ಆಟ ಬದಲಾಗುತ್ತೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಆ ಪತ್ರದ ಮೇಲೆ ಏನು ಕ್ರಮವಾಯಿತು, ಕಡತದ ನಕಲು ಕೊಡಿ ಅಂತ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವೂ ಇಲ್ಲ. ಇನ್ನೊಂದು: ಅಧಿಕಾರಿಯ ವರದಿ ಹಲವು ಸಲ ಶಾಸಕರ ವಿಳಾಸಕ್ಕೆ ಬರುತ್ತೆ, ನಿಮ್ಮ ಮನೆಗಲ್ಲ. 'ಅರ್ಹರಲ್ಲ' ಅಂತ ಅಲ್ಲಿ ಬರೆದಿದ್ದರೆ ನೀವು ಹೋಗಿ ಕೇಳುವವರೆಗೆ ನಿಮಗೆ ಗೊತ್ತೇ ಆಗುವುದಿಲ್ಲ.