ನಾಗರಬಾವಿ: ಮನಸ್ಸಿನ ಕಾಯಿಲೆಗೆ ಎಲ್ಲಿ ತೋರಿಸಬೇಕು? ದಿನಗೂಲಿ ಕುಟುಂಬಗಳು ತಿಳಿದಿರಬೇಕಾದ ಮಾಹಿತಿ

ಬೆಂಗಳೂರು: ರಾತ್ರಿ ನಿದ್ದೆ ಇಲ್ಲ, ಊಟ ಸೇರಲ್ಲ, ಕೆಲಸಕ್ಕೆ ಹೋಗೋಕೆ ಮನಸ್ಸೇ ಬರಲ್ಲ, ಕಾರಣ ಇಲ್ಲದೆ ಅಳು ಬರುತ್ತೆ. ಎರಡು ವಾರ ಹೀಗೇ ಇದ್ದರೆ ಖಿನ್ನತೆ ಇರಬಹುದು, ವೈದ್ಯರಿಗೆ ತೋರಿಸಬೇಕು. ನಾಗರಬಾವಿ, ಮಲ್ಲತ್ತಹಳ್ಳಿ, ಮೂಡಲಪಾಳ್ಯ, ಪಾಪರೆಡ್ಡಿಪಾಳ್ಯದ ಜನಕ್ಕೆ ಆಗ ಮೊದಲು ನೆನಪಾಗುವುದು ಹೊಸೂರು ರಸ್ತೆಯ ನಿಮ್ಹಾನ್ಸ್. ದೇಶದಲ್ಲೇ ಹೆಸರಾದ ಆಸ್ಪತ್ರೆ ನಮ್ಮ ಊರಲ್ಲೇ ಇದೆ, ನಿಜ. ಆದರೆ ಮನೆಗೆಲಸ, ಗಾರ್ಮೆಂಟ್ಸ್, ಗಾರೆ ಕೆಲಸ, ಸೆಕ್ಯೂರಿಟಿ ಕೆಲಸ ಮಾಡುವವರು ಅಲ್ಲಿಗೆ ಹೋಗಿಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದವರ ಕೂಲಿಯೂ ಹೋಯಿತು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಇಲ್ಲ. ಹಾಗಾಗಿ ಬಸ್ ಚಾರ್ಜಿಗಿಂತ ಹೆಚ್ಚಾಗಿ ಕಾಡುವುದು ರಜೆ. ಮನಸ್ಸಿನ ಕಾಯಿಲೆ ಒಂದು ಸಲ ತೋರಿಸಿ ಮುಗಿಯುವಂಥದ್ದೂ ಅಲ್ಲ, ತಿಂಗಳು ತಿಂಗಳು ಹೋಗಬೇಕು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಸಿಕ್ಕವರ ಮನೆಗಳಲ್ಲೂ ಔಷಧಿ, ಓಡಾಟಕ್ಕೆಂದೇ ತಿಂಗಳಿಗೆ 1,000-1,500 ರೂ. ಖರ್ಚಾಗುತ್ತಿತ್ತು.

ದೊಡ್ಡಾಸ್ಪತ್ರೆ ಇದ್ದರೂ ಬಡವರಿಗೆ ದೂರ ಎನ್ನುವುದು ನಿಮ್ಹಾನ್ಸ್‌ನವರಿಗೂ ಗೊತ್ತಿಲ್ಲದ ವಿಷಯವಲ್ಲ. 1970ರ ದಶಕದಲ್ಲೇ ಬನ್ನೇರುಘಟ್ಟ ಕಡೆಯ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಲಾಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೇ ಔಷಧಿ ಕೊಡುವಂತೆ ತರಬೇತಿ ನೀಡಿದರು. 1996ರಲ್ಲಿ ದೇಶಾದ್ಯಂತ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು ಈ ಬಳ್ಳಾರಿ ಪ್ರಯೋಗವೇ. ಹಳ್ಳಿಗೆಂದು ಕಟ್ಟಿದ ಈ ವ್ಯವಸ್ಥೆ ಬೆಂಗಳೂರಿನ ಬಡಾವಣೆಗಳಲ್ಲಿ ಎಷ್ಟು ಜನಕ್ಕೆ ಗೊತ್ತು ಅನ್ನೋದೇ ಪ್ರಶ್ನೆ.

ಮೊದಲು ಹೋಗಬೇಕಾದ್ದು ಎಲ್ಲಿಗೆ?

ಹತ್ತಿರದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಬಿಪಿ, ಶುಗರ್ ನೋಡಿದಂತೆ ಮಾನಸಿಕ ಸಮಸ್ಯೆಯ ತಪಾಸಣೆಯೂ ಪ್ರಾಥಮಿಕ ಆರೋಗ್ಯ ಸೇವೆಯ ಭಾಗ. 'ತಲೆನೋವು', 'ಸುಸ್ತು' ಎಂದಷ್ಟೇ ಹೇಳಿ ಮಾತ್ರೆ ತಂದುಬಿಟ್ಟರೆ ಪ್ರಯೋಜನವಿಲ್ಲ. ನಿದ್ದೆ ಇಲ್ಲ, ಬೇಸರ, ಭಯ ಅಂತ ಬಾಯಿಬಿಟ್ಟು ಹೇಳಬೇಕು. ಅಗತ್ಯವಿದ್ದರೆ ಅವರೇ ತಜ್ಞರ ಹತ್ತಿರ ಕಳಿಸುತ್ತಾರೆ.

ರಜೆ ಹಾಕಲಾಗದವರಿಗೆ ಟೆಲಿ-ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಉಚಿತವಾಗಿ ಆಪ್ತಸಮಾಲೋಚಕರು ಮಾತಾಡುತ್ತಾರೆ, ಕನ್ನಡದಲ್ಲೇ ಹೇಳಿಕೊಳ್ಳಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ನಿಮ್ಹಾನ್ಸ್ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ. ಜ್ಞಾನಭಾರತಿ ಕಡೆಯ ಪಿಜಿ, ಹಾಸ್ಟೆಲ್ ಮಕ್ಕಳಿಗೂ ಇದು ಅನುಕೂಲ. ಸಾಯುವ ಮಾತಾಡುತ್ತಿರುವವರನ್ನು ಮಾತ್ರ ಫೋನಿಗಷ್ಟೇ ಬಿಡದೆ, ಒಬ್ಬರನ್ನೇ ಇರಲು ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಹಾನ್ಸ್ ತುರ್ತು ಚಿಕಿತ್ಸಾ ವಿಭಾಗ ರಾತ್ರಿಯೂ ತೆರೆದಿರುತ್ತೆ.

ಇಎಸ್‌ಐ ಇದ್ದರೆ ಕೂಲಿಯೂ ಸಿಗುತ್ತೆ

ಮೈಸೂರು ರಸ್ತೆ, ಮಾಗಡಿ ರಸ್ತೆ, ಪೀಣ್ಯ ಕಡೆ ಕಾರ್ಖಾನೆಗೆ ಹೋಗುವವರು ಇದನ್ನು ಗಮನಿಸಬೇಕು. ತಿಂಗಳ ಸಂಬಳ 21,000 ರೂ. ಒಳಗಿದ್ದು ಇಎಸ್‌ಐ ಕಟ್ಟುತ್ತಿದ್ದರೆ ಕಾರ್ಮಿಕರಿಗೂ ಅವರ ಅವಲಂಬಿತರಿಗೂ ಚಿಕಿತ್ಸೆ ಉಚಿತ. ನಿಮ್ಮ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ತೋರಿಸಿ ಚೀಟಿ ಬರೆಸಿಕೊಂಡು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಬಹುದು. ನಾಗರಬಾವಿಯಿಂದ ನಿಮ್ಹಾನ್ಸ್‌ಗಿಂತ ಅದು ಹತ್ತಿರ.

ಬಹಳ ಜನರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ವೈದ್ಯರು ವಿಶ್ರಾಂತಿ ಬರೆದುಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಹಣ 'ಅನಾರೋಗ್ಯ ಭತ್ಯೆ'ಯಾಗಿ ಸಿಗುತ್ತದೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಸೈಕೋಸಿಸ್‌ನಂಥ ತೀವ್ರ ಕಾಯಿಲೆಗಳು ದೀರ್ಘಾವಧಿ ರೋಗಗಳ ಪಟ್ಟಿಯಲ್ಲಿವೆ. ಅವುಗಳಿಗೆ ಶೇ 80ರಷ್ಟು ಕೂಲಿ ಎರಡು ವರ್ಷದವರೆಗೂ ಸಿಗಬಹುದು, ಎರಡು ವರ್ಷದ ಸೇವೆ ಆಗಿರಬೇಕು. ಹೀಗಿದ್ದೂ ಕಾಯಿಲೆ ಅಂದಕೂಡಲೇ ಕೆಲಸ ಬಿಟ್ಟು ಊರಿಗೆ ಹೋಗುವವರು ಈ ಹಣ ಕಳೆದುಕೊಳ್ಳುತ್ತಾರೆ. ಮನೆಗೆಲಸದವರಿಗೆ, ಗಾರೆ ಕೆಲಸದವರಿಗೆ ಸಾಮಾನ್ಯವಾಗಿ ಇಎಸ್‌ಐ ಇರುವುದಿಲ್ಲ. ದೊಡ್ಡ ಕೊರತೆ ಇರುವುದು ಇಲ್ಲೇ.

ಕಾರ್ಡ್ ಇಲ್ಲದಿದ್ದರೂ ಉಚಿತ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರಿಗೆ, ನಿರ್ಗತಿಕರಿಗೆ, ಮನೆಯಿಲ್ಲದವರಿಗೆ ಸರ್ಕಾರಿ ಹಾಗೂ ಸರ್ಕಾರದ ನೆರವು ಪಡೆದ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ಕೈಯಲ್ಲಿ ಇರಲಿ ಬಿಡಲಿ ಅನ್ನೋದನ್ನು ಕಾಯ್ದೆಯಲ್ಲೇ ಬರೆದಿದೆ. ಕೆಲಸಕ್ಕೆಂದು ರಾಯಚೂರು, ಯಾದಗಿರಿಯಿಂದ ಬಂದು ಶೆಡ್ಡಿನಲ್ಲಿರುವವರು ಕಾರ್ಡ್ ಊರಲ್ಲಿದೆ ಅಂತ ವಾಪಸ್ ಹೋಗಬೇಕಿಲ್ಲ.

ರಿಂಗ್ ರಸ್ತೆಯಲ್ಲಿ ಮಾನಸಿಕ ಅಸ್ವಸ್ಥರಂತೆ ಅಲೆಯುವವರು ಕಂಡರೆ ಠಾಣೆಗೆ ತಿಳಿಸಬಹುದು. ಅಂಥವರನ್ನು ರಕ್ಷಿಸಿ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ಪೊಲೀಸರ ಕರ್ತವ್ಯ, ಲಾಕಪ್‌ನಲ್ಲಿ ಇಡುವಂತಿಲ್ಲ.

ಕುಡಿತ ಬಿಡಿಸಲು ಖಾಸಗಿ ಕೇಂದ್ರಕ್ಕೆ ಸೇರಿಸುವವರು ಮೊದಲು ಅದರ ನೋಂದಣಿ ಪತ್ರ ಕೇಳಬೇಕು. ದಿನಾ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಮನೆಯಲ್ಲೇ ಕೂಡಿಹಾಕಿ ಬಿಡಿಸೋಕೆ ಹೋಗಬಾರದು.

ಮಾತ್ರೆ ನಿಲ್ಲಿಸಬೇಡಿ

ಖಿನ್ನತೆಯ ಮಾತ್ರೆ ಕೆಲಸ ಮಾಡೋಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿದಂತಾಗಿ, ಗುಣವೂ ಕಾಣದೆ ಬಿಟ್ಟುಬಿಡುವವರೇ ಬಹಳ. ಗುಣವಾಯಿತು ಅಂತ ನಿಲ್ಲಿಸಿ ಮತ್ತೆ ಮಲಗುವವರೂ ಇದ್ದಾರೆ. ಯಾವಾಗ ನಿಲ್ಲಿಸಬೇಕು ಅನ್ನೋದು ವೈದ್ಯರು ಹೇಳಬೇಕಾದ ಮಾತು. ದೇವಸ್ಥಾನಕ್ಕೋ ದರ್ಗಾಕ್ಕೋ ಹರಕೆ ಹೊತ್ತವರು ಹೋಗಿಬರಲಿ, ಮಾತ್ರೆ ಜೊತೆಯಲ್ಲಿರಲಿ.

ಹಬ್ಬ, ಜಾತ್ರೆ, ಸುಗ್ಗಿಗೆ ಊರಿಗೆ ಹೋಗುವಾಗ ಚಿಕಿತ್ಸೆಯ ಪುಸ್ತಕ, ಚೀಟಿ ಕೈಯಲ್ಲಿಟ್ಟುಕೊಳ್ಳಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಊರಿನ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಂಡು ಹೊರಡುವುದು ಒಳ್ಳೆಯದು.