ನಡೆಯದ ಇತಿಹಾಸಕ್ಕೊಂದು ಲಾಂಛನ

1947ರಲ್ಲಿ ಮೈಸೂರು ಸಂಸ್ಥಾನ ಭಾರತಕ್ಕೆ ಸೇರದೆ ಬೇರೆ ದೇಶವಾಗಿ ಉಳಿದಿದ್ದರೆ ಅದರ ಲಾಂಛನ ಹೇಗಿರುತ್ತಿತ್ತು? ಪೆನ್ಸಿಲ್ ಹಿಡಿದು ಬರೆದು ನೋಡಿ. ನಡುವೆ ಎರಡು ತಲೆಯ ಗಂಡಭೇರುಂಡ ಇರಲಿ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ, ಒಡೆಯರ ಲಾಂಛನದಲ್ಲಿ, ಇಂದಿನ ಕರ್ನಾಟಕದ ಲಾಂಛನದಲ್ಲಿ ಇರುವುದು ಅದೇ ಹಕ್ಕಿ. ಕಷ್ಟವಿರುವುದು ಅದರ ಮೇಲೇನಿರಬೇಕು ಎಂಬಲ್ಲಿ. ಇಂದು ಅಲ್ಲಿ ಅಶೋಕನ ಸಿಂಹಗಳಿವೆ; ಭಾರತಕ್ಕೆ ಸೇರದ ಮೈಸೂರಿನಲ್ಲಿ ಅವು ಇರಲಾರವು. ಹಾಗಾದರೆ ಕಿರೀಟವೇ? ಅದೇ ವರ್ಷ ‘ಮೈಸೂರು ಚಲೋ’ ಚಳವಳಿಯಲ್ಲಿ ಜನ ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ನೀವು ಕಿರೀಟ ಇಟ್ಟರೆ, ನಿಮ್ಮ ಮೈಸೂರಿನಲ್ಲಿ ಆ ಚಳವಳಿ ಸೋತಿತೆಂದು ನೋಡುವವರು ಓದಿಕೊಳ್ಳುತ್ತಾರೆ. ಅಧಿಕಾರ ಯಾರದೆಂದು ತಿಳಿಯಲು ಲಾಂಛನದ ನೆತ್ತಿಯನ್ನು ನೋಡಬೇಕು. ಅಲ್ಲಿ ನೀವೇನು ಬರೆಯುವಿರಿ?