ಮುಂಡಗೋಡದ ಟಿಬೆಟಿಯನ್ನರ ಎರಡು ಸುತ್ತಿನ ಚುನಾವಣೆ

ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯ ನಮ್ಮ ವಿದ್ಯಾರ್ಥಿಗಳಲ್ಲಿ ಮುಂಡಗೋಡದ ಟಿಬೆಟಿಯನ್ ಕ್ಯಾಂಪನ್ನು ನೋಡದವರು ಕಡಿಮೆ. ಆದರೆ ಅಲ್ಲಿಯ ಜನ ತಮ್ಮ ನಾಯಕನನ್ನು ಹೇಗೆ ಆರಿಸುತ್ತಾರೆಂದು ಕೇಳಿದರೆ ಸುಮ್ಮನಾಗುತ್ತಾರೆ. ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗ ಅಮೆರಿಕದ 'ಪ್ರೈಮರಿ' ಚುನಾವಣೆ ಎಂದರೇನೆಂದು ಕೇಳಿದ. ಅಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರೆಂದು ರಾಜ್ಯ ರಾಜ್ಯಗಳಲ್ಲಿ ಮೊದಲೇ ಮತದಾನ ನಡೆಯುತ್ತದೆ ಎಂದೆ. ಅಂಥದೇ ಒಂದು ಮೊದಲ ಸುತ್ತು ನಮ್ಮ ಪಕ್ಕದ ಮುಂಡಗೋಡದಲ್ಲೂ ನಡೆಯುತ್ತದೆಂದಾಗ ಯಾರೂ ನಂಬಲಿಲ್ಲ.

ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದರು. ಮುಂಡಗೋಡದ ವಸಾಹತು 1966ರಲ್ಲಿ ಆರಂಭವಾಯಿತು. ಆದರೂ ಆಡಳಿತದ ಮುಖ್ಯಸ್ಥನನ್ನು ಜನರೇ ನೇರವಾಗಿ ಆರಿಸಿದ್ದು 2001ರಲ್ಲಿ. ಆಗ ಸಾಮ್‌ಧೋಂಗ್ ರಿಂಪೋಚೆ ಗೆದ್ದರು.

ಈ ಚುನಾವಣೆಯಲ್ಲಿ ಪಕ್ಷದ ಟಿಕೆಟ್ ಎಂಬುದಿಲ್ಲ. ಮೊದಲ ಸುತ್ತಿನಲ್ಲಿ ಮತದಾರ ತನಗೆ ಯೋಗ್ಯನೆನಿಸಿದವನ ಹೆಸರನ್ನು ತಾನೇ ಬರೆಯುತ್ತಾನೆ. ಮುಂದೆ ಬಂದವರ ನಡುವೆ ಅಂತಿಮ ಸುತ್ತು. ಉರ್ದುವಿನಲ್ಲಿ ಚುನಾವಣೆಗೆ 'ಇಂತಿಖಾಬ್' ಎನ್ನುತ್ತೇವೆ, ಆರಿಸಿ ತೆಗೆಯುವುದು ಎಂದೇ ಅದರ ಅರ್ಥ. ಆ ಪದ ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

2010ರ ಅಕ್ಟೋಬರ್ 3ರ ಮೊದಲ ಸುತ್ತಿನಲ್ಲಿ ಲೋಬ್ಸಾಂಗ್ ಸಾಂಗೆ 22,489 ಮತ, ತೆನ್‌ಜಿನ್ ತೆಥೋಂಗ್ 12,319 ಮತ ಪಡೆದರು. ಅದೇ ದಿನ ಕಠ್ಮಂಡುವಿನಲ್ಲಿ ಪೊಲೀಸರು ಮತಪೆಟ್ಟಿಗೆಗಳನ್ನೇ ಎತ್ತಿಕೊಂಡು ಹೋದರು. ಮುಂಡಗೋಡದವರಿಗೆ ಅಂಥ ಭಯವಿರಲಿಲ್ಲ ಎಂಬುದು ನಮ್ಮ ನಾಡಿಗೆ ಗೌರವದ ಮಾತು. 2011ರ ಮಾರ್ಚ್ 20ರ ಅಂತಿಮ ಸುತ್ತಿನಲ್ಲಿ ಸಾಂಗೆ 27,051 ಮತಗಳಿಂದ ಆಯ್ಕೆಯಾದರು. ಅದಕ್ಕೆ ಹತ್ತು ದಿನ ಮೊದಲಷ್ಟೇ ದಲೈ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನು ಬಿಟ್ಟುಕೊಡುವುದಾಗಿ ಘೋಷಿಸಿದ್ದರು. ಹಾಗಾಗಿ ಆ ಮತಕ್ಕೆ ಹಿಂದೆಂದೂ ಇಲ್ಲದ ತೂಕ ಬಂತು. 2012ರಲ್ಲಿ ಆ ಹುದ್ದೆಗೆ 'ಸಿಕ್ಯೋಂಗ್' ಎಂಬ ಹೆಸರಾಯಿತು.

2021ರ ಫಲಿತಾಂಶ ಇನ್ನೂ ಸ್ವಾರಸ್ಯಕರ. ಜನವರಿ 3ರ ಮೊದಲ ಸುತ್ತಿನಲ್ಲಿ ಪೆನ್ಪಾ ತ್ಸೆರಿಂಗ್ 24,488, ಕೆಲ್ಸಾಂಗ್ ದೋರ್ಜಿ 14,544, ಗ್ಯಾರಿ ಡೋಲ್ಮಾ 13,363. ಎರಡನೆಯವರಿಗೂ ಮೂರನೆಯವರಿಗೂ ಅಂತರ ಬರೀ 1,181 ಮತ. ಅಷ್ಟರಿಂದಲೇ ಒಬ್ಬ ಮಹಿಳೆ ಅಂತಿಮ ಸುತ್ತು ತಪ್ಪಿಸಿಕೊಂಡರು. ಏಪ್ರಿಲ್ 11ರಂದು ಕೆಲ್ಸಾಂಗ್ ದೋರ್ಜಿಯವರ ಮತ ಹೆಚ್ಚುಕಡಿಮೆ ಇಮ್ಮಡಿಯಾಗಿ 28,907ಕ್ಕೇರಿತು. ಆದರೂ 34,324 ಮತ ಪಡೆದ ಪೆನ್ಪಾ ತ್ಸೆರಿಂಗ್ ಗೆದ್ದರು. ಅವರು ಹುಟ್ಟಿದ್ದು ನಮ್ಮದೇ ರಾಜ್ಯದ ಬೈಲಕುಪ್ಪೆಯಲ್ಲಿ, 1967ರಲ್ಲಿ.

ಹಾಗಾದರೆ ಇವರು ನಮ್ಮ ವಿಧಾನಸಭೆಗೂ ಮತ ಹಾಕಬಹುದೇ? ಹುಡುಗರು ಕೇಳಿಯೇ ಕೇಳುತ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನಂತೆ ಭಾರತೀಯರೇ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆಂದು ಹೇಳಿತು. 2014ರಲ್ಲಿ ಅಂಥವರ ಹೆಸರು ಮತದಾರರ ಪಟ್ಟಿಗೆ ಸೇರಿಸಲು ಚುನಾವಣಾ ಆಯೋಗ ಸೂಚಿಸಿತು. ಆದರೆ ಆ ದಿನಾಂಕದ ನಂತರ ಅದೇ ಮುಂಡಗೋಡದಲ್ಲಿ ಹುಟ್ಟಿದವನಿಗೆ, ತಂದೆ ತಾಯಿ ಇಬ್ಬರೂ ಭಾರತೀಯರಲ್ಲದಿದ್ದರೆ, ಹುಟ್ಟಿನಿಂದ ಈ ಹಕ್ಕು ಬರುವುದಿಲ್ಲ. ಅಣ್ಣನಿಗೆ ಎರಡು ಮತಪೆಟ್ಟಿಗೆ, ತಮ್ಮನಿಗೆ ಒಂದೇ.